ಚಿಂಚೋಳಿಯಲ್ಲಿ ನಾರ್ವೆಯ ತಾಲೀಮು

ಸೇಡಂ ಪಟ್ಟಣದ ಜಯತೀರ್ಥರಾಯರು ಖಜಾನೆ ಇಲಾಖೆಯಿಂದ ನಿವೃತ್ತರಾಗಿದ್ದರೂ, ಬಿಲ್ಲು ಕಂಡಲ್ಲಿ ಆಕ್ಷೇಪಣೆ ಎತ್ತುವ ಚಟ ಮಾತ್ರ ಇನ್ನೂ ಸೇವೆಯಲ್ಲಿತ್ತು. ಮಡದಿ ಪದ್ಮಜಾಬಾಯಿಯವರು ಸಿದ್ಧಪಡಿಸಿದ ನಾರ್ವೆ ಪ್ರವಾಸದ ಅಂದಾಜುಪಟ್ಟಿಯೂ ಅದಕ್ಕೆ ಆಹುತಿಯಾಯಿತು. ಟ್ಯಾಕ್ಸಿ ಹೋಯಿತು, ಹೋಟೆಲಿನ ಊಟ ಹೋಯಿತು. ಕೊನೆಗೆ ಕೆಂಪು ಪೆನ್ನು ದೋಣಿವಿಹಾರದ ಮೇಲೆ ಬಂದು ನಿಂತಿತು.

"ದಂಡಿಮ್ಯಾಲ ನಿಂತು ನೋಡಿದ್ರ ನೀರು ಬ್ಯಾರೆ ಕಾಣಸ್ತದೇನು?"

ಪದ್ಮಜಾಬಾಯಿ ಭೂಗೋಳದ ಶಿಕ್ಷಕಿಯಾಗಿದ್ದವರು. ಕಡಿದಾದ ಬೆಟ್ಟಗಳ ನಡುವೆ ನುಗ್ಗಿದ ಸಮುದ್ರವನ್ನು ಸೇವಾವಧಿಯುದ್ದಕ್ಕೂ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದು ಅಳಿಸಿದವರು.

"ದೋಣಿ ಇಲ್ಲಂದ್ರ ನಾ ಬರಂಗಿಲ್ರಿ. ನಕಾಶಾ ಮನ್ಯಾಗೇ ಅದ," ಎಂದರು.

ರಾಯರು ರಾಜಿಗೆ ಇಳಿದರು. "ಬುತ್ತಿ ಕಟಗೊಂಡು ಹೋದ್ರಷ್ಟೇ ದೋಣಿಗೆ ರೊಕ್ಕ ಉಳೀತದ. ಮೊದಲು ಚಿಂಚೋಳಿ ಕಾಡಿನಾಗ ಎರಡು ದಿನ ತಾಲೀಮು ಮಾಡೂಣು. ಊಟಕ್ಕ ಒಂದು ರೂಪಾಯಿ ಖರ್ಚಾಗಲಿಲ್ಲಂದ್ರ ದೋಣಿ ಮಂಜೂರು."

ಚಂದ್ರಂಪಳ್ಳಿ ಜಲಾಶಯದ ಬಳಿ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ದಿನದ ಸರಂಜಾಮು. ಸಮೀಪದಲ್ಲಿ ಐನಾಪುರದ ಸೂರ್ಯಕಾಂತನ ಕುಟುಂಬ ಕಲ್ಲೊಲೆ ಹೂಡಿ, ಬೇಯದ ಬೇಳೆಯನ್ನು ಕಾಯುತ್ತ ಕುಳಿತಿತ್ತು. ಎದುರಿಗಿದ್ದವರನ್ನು ಕರೆಯದೆ ಉಣ್ಣುವುದು ಆ ಸೀಮೆಯ ರೀತಿಯಲ್ಲ. ಕರೆಸಿಕೊಂಡವರು "ನಿಮ್ದು ಆಗಲಿ" ಎಂದು ನಯವಾಗಿ ನಿರಾಕರಿಸುವುದೂ ಅಲ್ಲಿಯ ರೀತಿಯೇ. ರಾಯರು ಈ ಉತ್ತರಾರ್ಧವನ್ನು ನಂಬಿ, ಗಂಭೀರ ಕಂಠದಲ್ಲಿ, "ಬರ್ರಿ, ಊಟಕ್ಕ ಕುಂದ್ರಿ!" ಎಂದರು.

"ಏ, ಹಿರೇರು ಬಾಯಿ ತುಂಬ ಕರೀಲಿಕತ್ತಾರ, ಬರ್ರೋ!" ಎಂದ ಸೂರ್ಯಕಾಂತ. ಕುಟುಂಬ ಸಮಸ್ತವೂ ಎದ್ದು ಬಂತು.

ಬಂದವರಿಗೆ ಒತ್ತಾಯ ಮಾಡದಿರುವುದುಂಟೆ? "ಸಂಕೋಚ ಮಾಡಬ್ಯಾಡ್ರಿ, ಇನ್ನೊಂದು ತಗೋರಿ," ಎಂದು ರಾಯರ ಬಾಯಿ ತಾನಾಗಿಯೇ ಹೇಳುತ್ತಿತ್ತು; ಪದ್ಮಜಾಬಾಯಿ ಮೊಣಕೈಯಿಂದ ತಿವಿಯುತ್ತಿದ್ದರು. ಡಬ್ಬಿಯ ತಳ ಹೊಳೆಯಿತು.

"ದೋಣಿ ಹೋತಲ್ಲ ಪದ್ಮಾ," ಎಂದು ರಾಯರು ಪಿಸುಗುಟ್ಟಿದರು. ದುಃಖದ ಆ ಮಾತಿನಲ್ಲಿ ದುಃಖವೊಂದೇ ಇರಲಿಲ್ಲ.

"ಕರದವರು ಯಾರ್ರೀ?" ಎಂದರು ಪದ್ಮಜಾಬಾಯಿ. ಅವರ ಕಣ್ಣು ತುಂಬಿತ್ತು.

ಅದನ್ನು ಕಂಡ ಸೂರ್ಯಕಾಂತನ ಹೆಂಡತಿ ಅನಸುಬಾಯಿ ತಾನೇ ನಿರ್ಣಯ ಕೊಟ್ಟಳು: "ನಿಮ್ಮ ಬುತ್ತಿ ನಾವು ಖಾಲಿ ಮಾಡೀವಿ. ಇನ್ನ ಎರಡು ದಿನ ನಮ್ಮ ಮನ್ಯಾಗೇ ಊಟ. ಇಲ್ಲ ಅಂದ್ರ ಬಾಯೇರ, ನಿಮ್ಮ ಜೋಡಿ ನಾ ಮಾತಾಡಂಗಿಲ್ಲ."

ಐನಾಪುರದಲ್ಲಿ ಎಣ್ಣೆಗಾಯಿ, ಪುಂಡಿಪಲ್ಯ, ಗೋಧಿ ಹುಗ್ಗಿ. ರಾಯರು ಹೊರಡುವಾಗ ಪರ್ಸಿಗೆ ಕೈ ಹಾಕಿದರೆ ಸೂರ್ಯಕಾಂತನ ಮುಖ ಕೆಂಪಾಯಿತು. "ಒಳಗ ಇಡ್ರಿ ಸರ. ಇದೇನು ಖಾನಾವಳಿ ಏನ್ರಿ?"

ಮರಳುವ ಬಸ್ಸಿನಲ್ಲಿ ಪದ್ಮಜಾಬಾಯಿ ಕೇಳಿದರು: "ಊಟಕ್ಕ ಎಷ್ಟು ಖರ್ಚಾತ್ರಿ?"

"ಏನೂ ಇಲ್ಲ. ಆದ್ರ ನಾರ್ವೆದಾಗ ಅನಸುಬಾಯಿ ಇರಂಗಿಲ್ಲಲ್ಲ!"

"ಕರಾರಿನ್ಯಾಗ ಅನಸುಬಾಯಿ ಇರಬಾರದಂತ ಹೇಳಿದ್ರೇನು?"

ರಾಯರು ಕರಾರನ್ನು ಮನಸ್ಸಿನಲ್ಲೇ ಪದಪದವಾಗಿ ಮತ್ತೆ ಪರಿಶೀಲಿಸಿದರು. ನಿಯಮಬಾಹಿರ ಬಿಲ್ಲನ್ನು ಅವರೆಂದೂ ಬಿಟ್ಟವರಲ್ಲ. ನಿಯಮಬದ್ಧವಾದುದನ್ನು ತಡೆದ ಅಪಕೀರ್ತಿಯೂ ಅವರಿಗಿರಲಿಲ್ಲ.

"ಮಂಜೂರು," ಎಂದರು.

ಮನೆ ಮುಟ್ಟುವುದರೊಳಗೆ ಗಂಡನ ಮನಸ್ಸು ಬದಲಾದೀತೆಂದು ಪದ್ಮಜಾಬಾಯಿ ಬಸ್ಸಿನಲ್ಲಿಯೇ ಮೊಬೈಲು ತೆರೆದು ದೋಣಿಯ ಎರಡು ಸೀಟು ಹಿಡಿದರು. ರಾಯರು ಬೆಲೆ ಕಾಣದಂತೆ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ತಮ್ಮ ಫೋನಿಗೆ ಬಂದ ಓಟಿಪಿಯನ್ನು ಓದಿ ಹೇಳಿದರು.