ಪರದೆಯ ಹಿಂದಿನ ಮೂರೂವರೆ ಗಂಟೆ

ಸಿಂಗಾಪುರದ ವಿಮಾನ ನಿಲ್ದಾಣದ ಗೇಟಿನ ಬಳಿ ಆ ಹುಡುಗಿ ನಗುನಗುತ್ತಲೇ ಹೇಳಿದಳು: "ಸರ್, ಬಿಸಿನೆಸ್ ಕ್ಲಾಸಲ್ಲಿ ಒಂದು ಸೀಟು ಕೆಟ್ಟೋಗಿದೆ. ನಿಮ್ಮಿಬ್ಬರಲ್ಲಿ ಒಬ್ರು ಹಿಂದೆ ಕೂರ್ಬೇಕಾಗುತ್ತೆ. ನಿಮ್ಮ ಹತ್ರ ನಮ್ಮ ಮೆಂಬರ್ ಕಾರ್ಡಿದೆ. ಅದಕ್ಕೆ ನಿಮ್ಮ ಜೊತೆಗಿರೋ ಅಮ್ಮನೋರ ಹೆಸರು ತೆಗೆದಿದೀವಿ."

ನನಗೆ ಪಿತ್ತ ನೆತ್ತಿಗೇರಿತು. ತೆಗೆಯಲು ಇವರಿಗೆ ಆಂಟಿಯ ಹೆಸರೇ ಸಿಕ್ಕಿತೆ?

ನೆನಿತಾ ಆಂಟಿ ಫಿಲಿಪೀನ್ಸಿನಿಂದ ಸಿಂಗಾಪುರದ ನಮ್ಮ ಮನೆಗೆಲಸಕ್ಕೆ ಬಂದಾಗ ನನಗೆ ಎರಡು ವರ್ಷ. ಎತ್ತಿ ಆಡಿಸಿ ಸಾಕಿದವಳು ಅವಳೇ. ಮೂವತ್ತೆರಡು ವರ್ಷವಾದ ಮೇಲೆ ಈಗ ಕೆಲಸ ಬಿಟ್ಟು ಊರಿಗೆ ಹೊರಟಿದ್ದಾಳೆ, ಇನ್ನು ವಾಪಸು ಬರುವುದಿಲ್ಲ. ಅವಳನ್ನು ಬಿಟ್ಟುಬರಲು ನಾನೂ ಜೊತೆಗೆ ಹೊರಟಿದ್ದೆ.

ಅಪ್ಪನ ಕಾರ್ಖಾನೆ ಅವಳ ದೇಶದಲ್ಲೇ, ಮನಿಲಾದಲ್ಲಿತ್ತು. ಪ್ರತಿ ಡಿಸೆಂಬರ್ ರಜೆಗೆ ಎಲ್ಲರೂ ಹೋಗುತ್ತಿದ್ದೆವು. ಅಪ್ಪ, ಅಮ್ಮ, ನಾನು ಮುಂದೆ, ಬಿಸಿನೆಸ್ ಕ್ಲಾಸಿನಲ್ಲಿ. ಆಂಟಿ ಹಿಂದೆ, ನಲವತ್ತನೇ ಸಾಲಿನಲ್ಲೆಲ್ಲೋ. ವಿಮಾನ ಮೇಲೇರಿದ್ದೇ ತಡ, ನಾನು ನಡುವಿನ ಪರದೆಯಡಿ ನುಸುಳಿ ಹಿಂದಕ್ಕೆ ಓಡುತ್ತಿದ್ದೆ. ಅವಳ ಮಡಿಲು, ಅವಳ ತಟ್ಟೆಯ ಅನ್ನ, ಅವಳ ಕತ್ತಿನ ಮೆಂಥಾಲ್ ಎಣ್ಣೆಯ ವಾಸನೆ. ಎಂಥ ಸುಖ ಅದು! ದೊಡ್ಡವನಾದ ಮೇಲೆ ನಿನ್ನನ್ನು ಮುಂದೆ ಕೂರಿಸುತ್ತೇನೆ ಎಂದು ಆರನೇ ವಯಸ್ಸಿನಲ್ಲಿ ಮಾತು ಕೊಟ್ಟಿದ್ದೆ. ಅದನ್ನು ಉಳಿಸಿಕೊಳ್ಳಲು ಇದೊಂದೇ ಪ್ರಯಾಣ ಬಾಕಿಯಿತ್ತು.

"ನನ್ನ ಸೀಟು ಅವಳಿಗೆ ಕೊಡಿ, ನಾನು ಹಿಂದೆ ಹೋಗ್ತೀನಿ" ಎಂದು ಕೌಂಟರು ಗುದ್ದಿದೆ.

ಆಂಟಿ ನನ್ನ ತೋಳು ಹಿಡಿದು ಪಕ್ಕಕ್ಕೆಳೆದಳು. "ಲೋ, ಪಾಪ ಆ ಹುಡುಗಿ ಮೇಲೆ ಯಾಕೋ ಎಗರಾಡ್ತೀಯ? ನಾನೇ ಹಿಂದೆ ಕೂರ್ತೀನಿ ಬಿಡು."

"ಆಗಲ್ಲ. ಅಷ್ಟು ವರ್ಷ ಕೂತಿದ್ದು ಸಾಲ್ದಾ?"

"ಸಾಲ್ದು ಕಣೋ" ಎಂದು ಸಣ್ಣಗೆ ನಕ್ಕಳು. "ನಿಮ್ಮನೇಲಿ ನಂಗೆ ರಜಾ ಅಂತ ಎಲ್ಲಿತ್ತು ಹೇಳು? ಹೋಗ್ತಾ ಮೂರೂವರೆ ಗಂಟೆ, ಬರ್ತಾ ಮೂರೂವರೆ ಗಂಟೆ, ಅಷ್ಟೇ. ಮೇಡಂ ಕೂಗೋ ಹಾಗಿಲ್ಲ. ಸುತ್ತ ನಮ್ಮ ಕಡೆ ಹೆಂಗಸ್ರು, ನಮ್ಮ ಮಾತು. ಊಟಾನ ಬೇರೆಯವ್ರು ತಂದು ಮುಂದಿಡೋರು, ತಟ್ಟೇನೂ ಅವರೇ ಎತ್ತೋರು. ರಾಣಿ ಥರ ಇರ್ತಿದ್ದೆ."

"ಮತ್ತೆ ನಾನು ಬರ್ತಿದ್ನಲ್ಲ, ನಿನ್ನ ಹತ್ರ?"

"ಬರ್ತಿದ್ದೆ, ಕಳ್ಳ." ನನ್ನ ಕೆನ್ನೆ ಚಿವುಟಿದಳು. "ಬೆಲ್ಟಿನ ದೀಪ ಆರಿದ್ರೆ ಸಾಕು, ನನ್ನ ರಜಾ ಮುಗೀತಿತ್ತು."

ಕಪಾಳಕ್ಕೆ ಹೊಡೆದಂತಾಯಿತು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಹೆಚ್ಚು ನೋವಾಯಿತು. ಇಷ್ಟು ವರ್ಷ ನಾನು ಜೋಪಾನ ಮಾಡಿಕೊಂಡು ಬಂದ ಸುಖ ಅವಳಿಗೆ ಬರೀ ಕೆಲಸವಾಗಿತ್ತು.

"ಇವತ್ತೊಂದಿನ ಪೂರ್ತಿ ಮೂರೂವರೆ ಗಂಟೆ ಕೊಡ್ತೀಯೇನೋ?" ಎಂದಳು.

ಹೂಂ ಎಂದೆ.

ವಿಮಾನ ಮೇಲೇರಿತು, ದೀಪ ಆರಿತು. ನನ್ನ ಮುಂದೆ ಊಟ ತಂದಿಟ್ಟರು. ಅಷ್ಟರಲ್ಲಿ ಹಿಂದಿನಿಂದ ಹೆಂಗಸರು ಕೇಕೆ ಹಾಕಿ ನಗುವುದು ಕೇಳಿಸಿತು. ಅದರಲ್ಲೊಂದು ದನಿ ಆಂಟಿಯದು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಎದ್ದು ಓಡಬೇಕೆಂದು ಕಾಲು ತುಡಿಯಿತು. ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡು ಕೂತೆ.