ನುಂಗಿದ ಅಕ್ಷರ

ವೆಮೋರು ದ್ವೀಪದ ಲೇಸೊಂಗಿಯ ಬಾಯಿ ಎಂಥದೆಂದರೆ, ಅವಳು ಬೆಳಿಗ್ಗೆ ಅಂಗಳದಲ್ಲಿ ಲಾಪ್‌ಲಾಪ್ ಕಡುಬಿಗೆ ಗೆಡ್ಡೆ ತುರಿಯುತ್ತ ಯಾರನ್ನಾದರೂ ಆಡಿಕೊಳ್ಳಲು ಶುರುಮಾಡಿದರೆ, ನಾಲ್ಕು ತಾಸಿನ ದೋಣಿದಾರಿಯ ಆಚೆ ಕೊವಿಯದಲ್ಲಿ ಕಟ್ಟಿಹಾಕಿದ ಹಂದಿಗಳೂ ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವು. ವಯಸ್ಸು ಎಪ್ಪತ್ತು, ಹಲ್ಲು ಏಳು. ಆ ಏಳರಲ್ಲೇ ಊರಿನ ತೊಂಬತ್ತನಾಲ್ಕು ಜನರನ್ನೂ ದಿನಕ್ಕೊಂದು ಸುತ್ತು ಅಗಿದು ಮುಗಿಸುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ಅವಳ ಬಾಯಿಗೆ ಸಿಕ್ಕಿದವನು ಗಂಡ ಕಲ್ತಾಪು. ಆತ ಸತ್ತು ಎರಡು ವರ್ಷವಾದರೂ ಬಿಟ್ಟಿರಲಿಲ್ಲ. 'ಅಕ್ಷರ ನುಂಗಿದ ಮಹಾರಾಯ' ಎಂದೇ ಅವನ ಮಾತು ತೆಗೆಯುವುದು.

ಅಕ್ಷರ ನುಂಗಿದ್ದು ಮೂವತ್ತು ವರ್ಷದ ಹಿಂದೆ. ವನುವಾಟುವಿನ ಸರ್ಕಾರ ದೇಶವನ್ನು ಪ್ರಾಂತ್ಯಗಳಾಗಿ ಹಂಚಿತು. ಒಂದೊಂದು ಪ್ರಾಂತ್ಯಕ್ಕೂ ಅಲ್ಲಿಯ ದ್ವೀಪಗಳ ಮೊದಲಕ್ಷರ ಹೆಕ್ಕಿ, ಗೆಡ್ಡೆ ಚೂರುಗಳನ್ನು ಎಲೆಯಲ್ಲಿ ಕಟ್ಟಿದ ಹಾಗೆ ಕಟ್ಟಿ ಹೆಸರು ಮಾಡಿದರು. ಕೊವಿಯ, ರಾನೊಲ, ಟೆವಾಸ: ಮೂರೂ ಸೇರಿ ಕೊರಾಟೆ. ನಾಲ್ಕನೆಯದು ವೆಮೋರು. ಅದರ ಅಕ್ಷರ ಎಲೆಯೊಳಗೆ ಬೀಳಲಿಲ್ಲ. ಅಕ್ಷರ ಇದ್ದ ದ್ವೀಪಕ್ಕೆ ಔಷಧಾಲಯ ಬಂತು, ನರ್ಸಮ್ಮ ಬಂದಳು, ಎರಡು ಎಂಜಿನಿನ ದೋಣಿ ಬಂತು. ಅಕ್ಷರ ಇಲ್ಲದ್ದು ಕೊವಿಯದ ಬಾಲವಾಯಿತು. ಮಗುವಿನ ಕೆಮ್ಮಿಗೂ ನಾಲ್ಕು ತಾಸು ಸಮುದ್ರ ದಾಟಬೇಕು.

ಹೆಸರು ಕಟ್ಟಿದ ಆ ಸಭೆಗೆ ವೆಮೋರುವಿನ ಪರವಾಗಿ ಹೋದವನೇ ಕಲ್ತಾಪು. ಲೇಸೊಂಗಿಯ ಅಪ್ಪ ಆಗ ದ್ವೀಪದ ಮುಖಂಡ. ಮೊಣಕಾಲು ಊದಿಕೊಂಡು ಮಲಗಿದ್ದರಿಂದ ಅಳಿಯನನ್ನು ಕಳಿಸಿದ್ದ. ರಾಜಧಾನಿಯಿಂದ ಬಂದ ಅಧಿಕಾರಿ ಒಬ್ಬೊಬ್ಬರ ಮುಂದೆಯೂ ಮೈಕು ಹಿಡಿದು ಕೇಳಿದ, ನಿಮ್ಮ ದ್ವೀಪದ ಹೆಸರೇನು? ಕಲ್ತಾಪು ಬಾಯಿ ತೆರೆದ, ಮುಚ್ಚಿದ, ಬೆವರಿದ. ಕೊನೆಗೆ ಸಮುದ್ರದತ್ತ ಕೈ ತೋರಿಸಿ, "ಅದೇ... ಆ ಕಡೆಯದು" ಎಂದ. ಮೂರು ಸಲ ಕೇಳಿದರೂ ಅದೇ. ಕುಡಿದ ಕಾವಾ ಹೆಚ್ಚಾಗಿ ಮತ್ತೇರಿದೆ ಎಂದು ಸಭೆಯೆಲ್ಲ ನಕ್ಕಿತು. ಅಂದಿನಿಂದ ಕೊವಿಯದವರ ಬಾಯಲ್ಲಿ ಇವರು 'ಆ ಕಡೆಯವರು.'

ಕಾವಾ ಅಲ್ಲ ಎಂದು ವೆಮೋರುವಿನ ಹಂದಿಮರಿಗೂ ಗೊತ್ತು. ಅಲ್ಲಿ ಅಳಿಯನಾದವನು ಮಾವನ ಹೆಸರನ್ನು ಬಾಯಲ್ಲಿ ತರುವಂತಿಲ್ಲ. ಮಾವನ ಹೆಸರು ಕಲ್ಲು ಎಂದಿದ್ದರೆ ಅಳಿಯ ಸಾಯುವ ತನಕ ಕಲ್ಲಿಗೆ 'ಗಟ್ಟಿದು' ಎನ್ನಬೇಕು. ಮುಖಂಡನ ಪಟ್ಟಕ್ಕೆ ಕೂತವನಿಗೆ ದ್ವೀಪದ ಹೆಸರೇ ಹೆಸರು. ಹೀಗಾಗಿ ಲೇಸೊಂಗಿಯ ಅಪ್ಪನೂ ವೆಮೋರು, ನೆಲವೂ ವೆಮೋರು. ಕಲ್ತಾಪು ತಾನು ನಿಂತ ನೆಲದ ಹೆಸರು ಹೇಳಲಾರದೆ ನಲವತ್ತೈದು ವರ್ಷ ಸಂಸಾರ ಮಾಡಿದ.

ಆದರೆ ಈ ಗಂಟನ್ನು ಬಿಚ್ಚುವ ದಾರಿಯೂ ಇತ್ತು. ಕೋರೆ ಬಳೆಯಂತೆ ಸುತ್ತಿಕೊಂಡ ಹಂದಿಯೊಂದನ್ನು ಮಾವನ ಮುಂದೆ ಕಟ್ಟಿ ಕೇಳಿಕೊಂಡರೆ, ಮಾವ "ಬಿಟ್ಟೆ" ಎನ್ನುತ್ತಾನೆ. ಒಂದು ದಿನದ ಮಟ್ಟಿಗೆ ನಾಲಿಗೆ ಸಡಿಲ. ಕಲ್ತಾಪುವಿನ ಹತ್ತಿರ ಅಂಥ ಹಂದಿ ಇತ್ತು. ಏಳು ವರ್ಷ ತನ್ನ ಕೈಯಿಂದ ತಿನ್ನಿಸಿ ಸಾಕಿದ್ದು. ಅದನ್ನು ಕೊಡಲು ಮನಸ್ಸು ಬರದೆ ಊರಿನ ಅಕ್ಷರ ಕಳೆದ ಎಂಬುದೇ ಲೇಸೊಂಗಿಯ ತಕರಾರು.

"ಒಂದು ಹಂದಿಗೋಸ್ಕರ ಒಂದು ದ್ವೀಪಾನೇ ನುಂಗ್ಬಿಟ್ಟ ಕಣ್ರೇ ನನ್ನ ಗಂಡ," ಎಂದು ಅವಳು ಹೆಂಗಸರ ಮುಂದೆ ಹೇಳುವಳು. "ತಿಮಿಂಗಿಲಕ್ಕೂ ಅಷ್ಟು ದೊಡ್ಡ ಗಂಟಲಿಲ್ಲ!"

ಕಲ್ತಾಪು ಕೇಳಿಸಿಕೊಂಡು ನಗುತ್ತಿದ್ದ.

ಎರಡು ವರ್ಷದ ಹಿಂದೆ ಅವನಿಗೆ ಎದೆ ಹಿಡಿದುಕೊಂಡಿತು. ದೋಣಿಯಲ್ಲಿ ಮಲಗಿಸಿ ಕೊವಿಯಕ್ಕೆ ಹೊರಟರು. ತಲೆ ಲೇಸೊಂಗಿಯ ತೊಡೆಯ ಮೇಲೆ. ಕೊವಿಯದ ಬೆಟ್ಟ ಹೆಬ್ಬೆರಳಷ್ಟು ಕಾಣುವಾಗ ಅವಳು ಬಗ್ಗಿ ಅವನ ಕಿವಿಯಲ್ಲಿ, "ಅವತ್ತು ಆ ಒಂದು ಅಕ್ಷರ ಉಗುಳಿದ್ರೆ ನರ್ಸಮ್ಮ ಮನೆ ಬಾಗಿಲಲ್ಲೇ ಇರ್ತಿದ್ಳು. ಅನುಭವಿಸು ಈಗ," ಎಂದಿದ್ದಳು. ತಮಾಷೆಗೇ ಅಂದದ್ದು. ಅವನನ್ನು ನಗಿಸಿದರೆ ಉಸಿರು ಉಳಿಯುತ್ತದೆ ಎಂದುಕೊಂಡಿದ್ದಳು. ಬೆಟ್ಟ ಮುಷ್ಟಿಯಷ್ಟಾಗುವ ಹೊತ್ತಿಗೆ ಅವನು ಇರಲಿಲ್ಲ.

ಈಗ, ಗೆಡ್ಡೆ ಕೀಳುವ ತಿಂಗಳಲ್ಲಿ, ಸುದ್ದಿ ಬಂತು: ಪ್ರಾಂತ್ಯದೊಳಗಿನ ವಿಭಾಗಗಳನ್ನು ಹೊಸದಾಗಿ ಹಂಚುತ್ತಾರಂತೆ. ಬೇರೆ ವಿಭಾಗ ಬೇಕೆಂದ ದ್ವೀಪಕ್ಕೆ ಅಧಿಕಾರಿ ಬಂದು, ಊರವರ ಮುಂದೆ ವಿಭಾಗದ ಹೆಸರನ್ನು ಮೂರು ಸಲ ಕೂಗುತ್ತಾನೆ, ಊರವರು ಹೂಂಗುಟ್ಟಬೇಕು, ಅವನ ಫೋನಿನಲ್ಲಿ ಅದು ದಾಖಲಾಗುತ್ತದೆ, ರಾಜಧಾನಿಯಲ್ಲಿ ಅದನ್ನು ಕೇಳಿಸಿಕೊಂಡು ಪಟ್ಟಿಗೆ ಇಳಿಸುತ್ತಾರೆ. ಪಟ್ಟಿಗೆ ಇಳಿದರೆ ಒಬ್ಬಳು ನರ್ಸಮ್ಮ, ಒಂದು ದೋಣಿ.

ಲೇಸೊಂಗಿ ಆ ವಾರವಿಡೀ ನೆಲಕ್ಕೆ ಕಾಲೂರಲಿಲ್ಲ. ನರ್ಸಮ್ಮನ ಮಂಚಕ್ಕೆಂದು ಎರಡು ಚಾಪೆ ಹೆಣೆದಳು. "ನಂಗೆ ಸೂಜಿ ಚುಚ್ಚೋಕೆ ಬಂದ್ರೆ ಮಾತ್ರ ಅವಳನ್ನ ವಾಪಸ್ ಕಳಿಸ್ತೀನಿ," ಎಂದಳು.

ಶಂಖ ಊದಿದರು. ಆಲದ ಮರದ ಕೆಳಗೆ ಊರೆಲ್ಲ ಸೇರಿತು. ದೋಣಿಯಿಂದ ಪ್ಯಾಂಟು ಮಡಚಿಕೊಂಡು ಇಳಿದವನನ್ನು ನೋಡಿ ಲೇಸೊಂಗಿ ಹಣೆ ಚಚ್ಚಿಕೊಂಡಳು. ಅಧಿಕಾರಿ ಆಬೆಲ್. ಕೊವಿಯದ ಹುಡುಗ, ಓದಿದವನು. ಹೋದ ವರ್ಷ ಲೇಸೊಂಗಿಯ ತಮ್ಮನ ಮಗಳನ್ನು ಮದುವೆಯಾದವನು. ಅಪ್ಪ ಹೋದ ಮೇಲೆ ಪಟ್ಟಕ್ಕೆ ಕೂತವನು ಆ ತಮ್ಮ. ಈಗ ವೆಮೋರು ಎಂದರೆ ಅವನೇ.

"ಏ ಅಳಿಯಪ್ಪ," ಎಂದಳು. "ಸರ್ಕಾರಕ್ಕೆ ಬೇರೆ ಗಂಡಸೇ ಸಿಗ್ಲಿಲ್ವಾ?"

"ಬರಬೇಕಿದ್ದೋರಿಗೆ ಮಲೇರಿಯಾ, ಅತ್ತೆ. ನಾಳೇನೇ ಕಡೆ ದಿನ. ಮಧ್ಯಾಹ್ನದ ಇಳಿತಕ್ಕೆ ಮುಂಚೆ ನಾನು ಹೊರಡ್ಬೇಕು."

"ಹಂದಿ ತಂದ್ಯಾ?"

ಆಬೆಲ್ ದೋಣಿಯತ್ತ ತಿರುಗಿದ. ಅಲ್ಲಿ ಕಾಲು ಕಟ್ಟಿದ ಹಂದಿಯೊಂದು ಮಲಗಿತ್ತು. ಕೋರೆ ಒಂದು ಪೂರಾ ಸುತ್ತು ಬಂದು ತುದಿ ದವಡೆಗೆ ತಾಗಿತ್ತು. ಲೇಸೊಂಗಿಯ ಏಳೂ ಹಲ್ಲು ಹೊರಗೆ ಬಂದವು. "ಭೇಷ್! ಓದಿದೋನು ಅಂದ್ರೆ ಹಿಂಗಿರ್ಬೇಕು. ನಮ್ಮನೆ ಮಹಾರಾಯನೂ ಇದ್ದ!"

ಹಂದಿಯನ್ನು ಎಳೆದು ತಂದು ಮುಖಂಡನ ಮುಂದೆ ಕಟ್ಟಿದರು. ಆಬೆಲ್ ಮಂಡಿಯೂರಿದ. ಅವನು ಮಾವನ ಮುಖ ನೋಡಲಿಲ್ಲ. "ಒಂದು ದಿನಕ್ಕೆ ನನ್ನ ನಾಲಿಗೆ ಬಿಡಿಸ್ಕೊಡಿ, ಮಾವ," ಎಂದ.

ಮುಖಂಡ ಹಂದಿಯನ್ನು ನೋಡಿದ. ಕೋರೆ ಮುಟ್ಟಿದ. ಆಮೇಲೆ ಕೈ ಒರೆಸಿಕೊಂಡು, "ತಗೊಂಡ್ಹೋಗು," ಎಂದ.



"ಯಾಕೋ ತಮ್ಮ?" ಲೇಸೊಂಗಿ ಮುಂದೆ ಬಂದಳು. "ಕೋರೆ ಸಾಲ್ದಾ? ಇನ್ನೊಂದು ಸುತ್ತು ಬರೋವರೆಗೂ ಕಾಯ್ತೀಯಾ? ಅಷ್ಟರಲ್ಲಿ ನಮ್ಮನ್ನೆಲ್ಲ ಹೂತಿರ್ತಾರೆ!"

"ಅಕ್ಕ, ನಿಂಗೆ ತಿಳಿಯಲ್ಲ, ಸುಮ್ನಿರು. ಈ ಹೆಸರನ್ನ ಈ ಮನೆಯ ಯಾವ ಅಳಿಯನೂ ಬಾಯಲ್ಲಿ ತಂದಿಲ್ಲ. ಹೇಳ್ದೇನೇ ಗೊತ್ತಾಗ್ಬೇಕು, ಅಷ್ಟು ದೊಡ್ಡ ಹೆಸರು ಇದು."

"ಯಾರಿಗೆ ಗೊತ್ತೋ? ಕೊವಿಯದ ಕೋಳಿಗಳಿಗೂ ನಾವು 'ಆ ಕಡೆಯವರು'! ನಿನ್ನ ಮೂಗು ಒರೆಸಿದ ಕೈ ಕಣೋ ಇದು. ಬಿಟ್ಟೆ ಅನ್ನು. ಎರಡೇ ಅಕ್ಷರ. ನಿನ್ನ ಗಂಟಲಲ್ಲಿ ಅದೂ ಸಿಕ್ಕಾಕೊಳ್ತಾ?"

ಮುಖಂಡನ ಕಿವಿ ಕೆಂಪಾಯಿತು. ಊರವರ ಮುಂದೆ ಅಕ್ಕ ಮೂಗಿನ ಸುದ್ದಿ ತೆಗೆದದ್ದನ್ನು ತಡೆದುಕೊಳ್ಳಲಾಗಲಿಲ್ಲ. "ಅಪ್ಪನೇ ಬಿಡಲಿಲ್ಲ, ನಾನು ಬಿಡ್ತೀನಾ?" ಎಂದು ಗುಡುಗಿದ. "ಆ ಸಭೆಗೆ ಮುಂಚೆ ಭಾವ ತನ್ನ ಹಂದಿ ಹಗ್ಗ ಹಿಡ್ಕೊಂಡು ಇದೇ ಮರದ ಕೆಳಗೆ ಮೂರು ದಿನ ಕೂತಿದ್ದ. ಅಪ್ಪ ಹಂದಿ ಕಡೆ ಕಣ್ಣೆತ್ತಿ ಸಹಿತ ನೋಡಲಿಲ್ಲ. ನಾನೇ ಪಕ್ಕದಲ್ಲಿ ನಿಂತಿದ್ದೆ."

ಲೇಸೊಂಗಿಗೆ ಆ ಮೂರು ದಿನ ನೆನಪಿದ್ದವು. ಆಗ ಹೆಂಗಸರು ಈ ಮರದ ಬಳಿ ಬರುವಂತಿರಲಿಲ್ಲ; ಗಂಡ ಬೆಟ್ಟದ ಮೇಲಿನ ತೋಟಕ್ಕೆ ಹೋಗಿದ್ದಾನೆ ಎಂದುಕೊಂಡಿದ್ದಳು. ಬರಿಗೈಯಲ್ಲಿ ಬಂದಿದ್ದ; ಸೋಮಾರಿ ಎಂದು ಬೈದಿದ್ದಳು.

"ನನ್ ಹತ್ರ ಯಾಕೆ ಹೇಳಲಿಲ್ಲ ಅವನು?"

"ಅಪ್ಪ ಬೇಡ ಅಂದಿದ್ದ. ಮಗಳ ಕಣ್ಣಲ್ಲಿ ಅಪ್ಪ ಸಣ್ಣೋನಾಗ್ತಾನೆ, ಬಾಯಿ ಬಿಡ್ಬೇಡ ಅಂದಿದ್ದ. ಭಾವ ಒಳ್ಳೇ ಅಳಿಯ. ಬಾಯಿ ಬಿಡಲಿಲ್ಲ."

"ಮತ್ತೆ ನೀನು? ಮೂವತ್ತು ವರ್ಷ ನಾನು ಅವನನ್ನ ಜಿಪುಣ ಅಂತ ಉಗೀತಿದ್ದೆ. ನೀನು ಪಕ್ಕದಲ್ಲಿ ಕೂತು ನನ್ನ ಲಾಪ್‌ಲಾಪು ತಿಂತಿದ್ದೆ!"

"ಎಲ್ರೂ ನಗ್ತಿದ್ರು, ನಾನೂ ನಕ್ಕೆ," ಎಂದ ಮುಖಂಡ.

ಹಿಂದೆ ಚಂಡಮಾರುತ ಬಂದು ಮನೆಯ ಮಾಡು ಹಾರಿಸಿಕೊಂಡು ಹೋದಾಗಲೂ ಲೇಸೊಂಗಿ ಗಾಳಿಯನ್ನು ಬೈದವಳು. ಅಂಥವಳು ಮರದ ಬೇರಿನ ಮೇಲೆ ಕುಸಿದು ಕೂತಳು. ಕಲ್ತಾಪು ಮೂರು ದಿನ ಕೂತದ್ದು ಯಾವ ಬೇರಿನ ಮೇಲೋ.

ನೀರು ಇಳಿಯುತ್ತಿತ್ತು. ಆಬೆಲ್ ಎದ್ದು ಫೋನು ತೆಗೆದ. ಎಲ್ಲರೂ ಅವನ ಬಾಯನ್ನೇ ನೋಡಿದರು. ಅವನು ಮಾವನತ್ತ ನೋಡಿದ. ಮಾವ ಅವನ ತುಟಿಗಳನ್ನೇ ನೋಡುತ್ತಿದ್ದ.

"ಕೊರಾಟೆ ಪ್ರಾಂತ್ಯ," ಎಂದು ಆಬೆಲ್ ಶುರುಮಾಡಿದ. ಗಂಟಲು ಕೆರೆದುಕೊಂಡ. "ಹೊಸ ವಿಭಾಗ. ಹೆಸರು... ಹೆಸರು..."

"ಹೇಳೋ, ಮಗನೇ," ಲೇಸೊಂಗಿ ಪಿಸುಗುಟ್ಟಿದಳು. "ತಪ್ಪಾದ್ರೆ ನನ್ನ ತಲೆ ಮೇಲೆ ಹಾಕ್ಕೊಳ್ತೀನಿ. ಹೇಳು."

"ಈ ಜಾಗ," ಎಂದ ಆಬೆಲ್.

ಯಾರೂ ಹೂಂಗುಟ್ಟಲಿಲ್ಲ. ಮುಖಂಡ ಒಬ್ಬನೇ ಗಟ್ಟಿಯಾಗಿ "ಹೂಂ" ಎಂದ. ಉಳಿದವರೂ ಅಂದರು. ಎರಡನೆಯ ಸಲ, "ಈ ಜಾಗ." ಹೂಂ. ಮೂರನೆಯ ಸಲಕ್ಕೆ ಲೇಸೊಂಗಿ ಎದ್ದು ನಿಂತು, ಇದ್ದಬದ್ದ ಉಸಿರೆಲ್ಲ ಕೂಡಿಸಿ, "ವೆಮೋರು! ವೆಮೋರು! ವೆಮೋರು!" ಎಂದು ಕಿರುಚಿದಳು. ಆಲದ ಮೇಲಿನ ಬಾವಲಿಗಳು ದಡಬಡ ಎದ್ದು ಸಮುದ್ರದ ಕಡೆ ಹಾರಿದವು. ಕೊವಿಯದಲ್ಲಿ ಯಾರಿಗೋ ಕಿವಿ ಒಡೆದಿರಬೇಕು.

ಆಬೆಲ್ ಫೋನು ಒತ್ತಿ ನಿಲ್ಲಿಸಿದ. "ಅತ್ತೆ, ನೀವು ಕೂಗಿದ್ದು ಲೆಕ್ಕಕ್ಕೆ ಬರಲ್ಲ. ಅಧಿಕಾರಿ ಬಾಯಲ್ಲೇ ಬರ್ಬೇಕು." ಅವನ ಕಣ್ಣಲ್ಲಿ ನೀರಿತ್ತು. "ನನ್ನನ್ನ ಏನಾದ್ರೂ ಬೈದುಬಿಡಿ."

ಲೇಸೊಂಗಿ ಅವನ ಮುಖ ನೋಡಿದಳು. ಬಾಯಿ ತೆರೆದ, ಮುಚ್ಚಿದ, ಬೆವರಿದ ಮುಖ. ಮೂವತ್ತು ವರ್ಷದ ಹಿಂದೆ ಅವಳು ಕಾಣದೆ ಹೋದ ಮುಖ. ಅವನ ಮಂಡಿಗೆ ಹತ್ತಿದ ಮರಳು ಕೊಡವಿ, "ಹೋಗು. ನೀರು ಇಳೀತಿದೆ," ಎಂದಳು. ಹಂದಿ ಹೇಗೆ ಬಂದಿತ್ತೋ ಹಾಗೇ ದೋಣಿ ಹತ್ತಿತು.

ಎರಡು ತಿಂಗಳಿಗೆ ಕಾಗದ ಬಂತು. ಊರಿನ ಮೇಷ್ಟ್ರು ಆಲದ ಕೆಳಗೆ ನಿಂತು ಓದಿದರು. ಕೊರಾಟೆ ಪ್ರಾಂತ್ಯದ ಹೊಸ ಪಟ್ಟಿಯಲ್ಲಿ ಹನ್ನೊಂದು ವಿಭಾಗ. ಹನ್ನೊಂದನೆಯ ಸಾಲು: 'ಈ ಜಾಗ. ಎಲ್ಲಿದೆ ಎಂದು ಸ್ಪಷ್ಟವಾಗಿಲ್ಲ. ಸದ್ಯಕ್ಕೆ ಕೊವಿಯಕ್ಕೆ ಸೇರಿಸಿದೆ.' ನರ್ಸಮ್ಮ ಕೊವಿಯಕ್ಕೆ. ಅಲ್ಲಿ ಇದ್ದವರ ಜೊತೆ ಈಗ ಮೂರನೆಯವಳು.

ಮುಖಂಡ ದೂರ ನೋಡುತ್ತ ಕೂತಿದ್ದ. ಲೇಸೊಂಗಿ ನಿಧಾನವಾಗಿ ಎದ್ದು ಹೋಗಿ ಅವನೆದುರು ನಿಂತಳು.

"ಕೇಳಿಸ್ತಾ? ಸರ್ಕಾರ ನಿಂಗೆ ಹೊಸ ಹೆಸರಿಟ್ಟಿದೆ. ನೆಲದ ಹೆಸರೇ ಮುಖಂಡನ ಹೆಸರು ತಾನೇ?"

"ಅಕ್ಕ..."

"ಯಾರು ಅಕ್ಕ? ನೀನು ನಂಗೇನಾಗ್ಬೇಕು? ನೀನು 'ಈ ಜಾಗ.'" ಅವಳು ಊರವರತ್ತ ತಿರುಗಿದಳು. "ಏ, ಈ ಜಾಗಕ್ಕೆ ಯಾರಾದ್ರೂ ನೆರಳಿಗೆ ಚಾಪೆ ಹಾಕ್ರೋ! ಈ ಜಾಗಕ್ಕೆ ಬಾಯಾರಿದೆ, ಎಳನೀರು ಕೊಡ್ರೋ!"

ಮೊದಲು ಒಬ್ಬಳು ನಕ್ಕಳು, ಆಮೇಲೆ ಇಬ್ಬರು, ಆಮೇಲೆ ಆಲದ ಕೆಳಗಿದ್ದವರೆಲ್ಲ ನಕ್ಕರು. ಇದು ನಿಲ್ಲುವ ನಗುವಲ್ಲ ಎಂದು ಮುಖಂಡನಿಗೂ ಗೊತ್ತಾಯಿತು. ಅವನು ಸತ್ತ ಮೇಲೂ, ಅವನ ಮಗ ಪಟ್ಟಕ್ಕೆ ಕೂತ ಮೇಲೂ ನಡೆಯುವ ನಗು. ಅವನು ಎದ್ದು ಮನೆಯ ಕಡೆ ಹೊರಟ. ಬೆನ್ನ ಹಿಂದೆ "ಈ ಜಾಗ ಎಲ್ಲಿಗೆ ಹೊರಟಿತು?" ಎಂದು ಯಾರೋ ಕೂಗಿದರು.

ನರ್ಸಮ್ಮನಿಗೆಂದು ಹೆಣೆದ ಎರಡು ಚಾಪೆಗಳನ್ನು ಲೇಸೊಂಗಿ ಆ ಸಂಜೆ ಗಂಡನ ಗೋರಿಯ ಮೇಲೆ ಹಾಸಿದಳು. ದಿನವೂ ಬಂದ ಹಾಗೆ ಅಲ್ಲೇ ಕೂತು, ಅಭ್ಯಾಸದಂತೆ, "ಏ, ಅಕ್ಷರ ನುಂ..." ಎಂದು ಶುರುಮಾಡಿದಳು.

ಉಳಿದದ್ದು ಗಂಟಲಿನಿಂದ ಮೇಲೆ ಬರಲಿಲ್ಲ. ನುಂಗಿಕೊಂಡಳು.