ಬೆಲೂನು ಪೂರ್ವಕ್ಕೆ ಹೋಯಿತು

ಅಂದು ಬೆಳಿಗ್ಗೆಯೂ ಪಟ್ಟಣದ ಹವಾಮಾನ ಕೇಂದ್ರದಿಂದ ತಾಯಿಸ್ಯಾ "ಬದಲಾವಣೆ ಇಲ್ಲ" ಎಂದೇ ಬರೆದು ಕಳಿಸಿದ್ದಳು.

ಕಂಪ್ಯೂಟರ್ ಬೇರೆ ಮಾತು ಹೇಳುತ್ತಿತ್ತು. ಸಂಜೆಯ ಹೊತ್ತಿಗೆ ಪಶ್ಚಿಮದ ಗಾಳಿ, ಅದರ ಬೆನ್ನಿಗೇ ಮಳೆ. ಆದರೆ ಇದೇ ಬೇಸಿಗೆಯಲ್ಲಿ ಅದು ಎರಡು ಸಲ ಹೀಗೆ ಆಸೆ ಹುಟ್ಟಿಸಿ ಎರಡು ಸಲವೂ ಕೈಕೊಟ್ಟಿತ್ತು. ಮಳೆ ಬರಲಿಲ್ಲ, ಬೈಗುಳ ಬಂತು. ಅಲ್ಲಿಂದಾಚೆ ಹವಾಮಾನ ಕೇಂದ್ರಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ರೂಢಿ ಬೆಳೆದಿತ್ತು: ಕಂಪ್ಯೂಟರ್ ತಂದ ಗಾಳಿಯನ್ನು ಕೈಯಾರೆ ಅಳಿಸಿ ನಿನ್ನೆಯದನ್ನೇ ಇವತ್ತಿಗೂ ಬರೆಯುವುದು. ಹಾಗೆ ಬರೆದವರೇ ಗೆಲ್ಲುತ್ತಿದ್ದರು. ಪ್ರಾಂತ್ಯದ ಕಚೇರಿಯ ಮುಖ್ಯಸ್ಥ ಗ್ಲೆಬ್ ಆರ್ಸೆನ್ಯೆವಿಚ್ ಇದಕ್ಕಾಗಿ ಅವಳನ್ನು ಫೋನಿನಲ್ಲಿ ಹೊಗಳಿದ್ದೂ ಉಂಟು.

ತಾಯಿಸ್ಯಾ ಆ ಹೊಗಳಿಕೆಗೆ ಉಬ್ಬಿರಲಿಲ್ಲ, ನಿಜ. ಆದರೆ ಅಳಿಸುವಾಗ ಈಗೀಗ ಎರಡನೆಯ ಸಲ ಯೋಚಿಸುತ್ತಿರಲಿಲ್ಲ.

ಮೇಲೆ, ಹತ್ತು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ದೊಡ್ಡ ನದಿಯೊಂದು ಹರಿಯುತ್ತದೆ. ಬಳುಕುತ್ತಾ, ಅಲೆ ಅಲೆಯಾಗಿ. ಮಳೆಮೋಡಗಳೆಲ್ಲ ಅದರ ದಾರಿ ಹಿಡಿದೇ ಬರಬೇಕು. ಜೂನ್ ಕೊನೆಯಲ್ಲಿ ಆ ಅಲೆಗಳಲ್ಲೊಂದು ಇವರ ನೆತ್ತಿಯ ಮೇಲೆ ಬಿಲ್ಲಿನಂತೆ ಬಾಗಿ, ಮುಂದೆ ಸಾಗಲಾರದೆ ನಿಂತುಬಿಟ್ಟಿತು. ನದಿ ಉತ್ತರದ ಸಮುದ್ರವನ್ನು ಬಳಸಿಕೊಂಡು ಹೋಯಿತು. ಬಿಲ್ಲಿನ ಒಳಗೆ ಸಿಕ್ಕಿಬಿದ್ದ ಬಿಸಿಗಾಳಿ ಎಲ್ಲಿಗೂ ಹೋಗದೆ ದಿನದಿಂದ ದಿನಕ್ಕೆ ಕುದಿಯಿತು. ಪಟ್ಟಣದ ಜನ ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗತೊಡಗಿದರು. ಪಶ್ಚಿಮದ ಜೌಗು ಒಣಗಿ, ಒಳಗಿನ ಕೊಳೆತ ಮಣ್ಣಿಗೇ ಬೆಂಕಿ ಹತ್ತಿತು. ಅದು ನೆಲದಡಿಯಲ್ಲಿ ಬೇಯುತ್ತಾ ಬೇಕಾದಲ್ಲಿ ಮೇಲೆದ್ದು ಪೈನ್ ಮರಗಳನ್ನು ಹಿಡಿಯುತ್ತಿತ್ತು.

ತಾಯಿಸ್ಯಾಳ ಗಂಡ ರೊದಿಯೊನ್ ಆ ಬೆಂಕಿಯ ಎದುರಿಗೇ ಇದ್ದ. ವೆರೆಸ್ಕೊವೊ ಹಳ್ಳಿಗೂ ಜೌಗಿಗೂ ನಡುವೆ, ಮರ ಕಡಿದು ಬಯಲು ಮಾಡಿದ ಉದ್ದನೆಯ ಪಟ್ಟೆಯಲ್ಲಿ ಊರ ಗಂಡಸರ ಜೊತೆ ಪಂಪು ಇಟ್ಟುಕೊಂಡು ಬೀಡುಬಿಟ್ಟಿದ್ದ. ಗಾಳಿ ಯಾವಾಗಲೂ ಹಳ್ಳಿಯ ಕಡೆಯಿಂದಲೇ ಬೀಸುತ್ತಿದ್ದುದರಿಂದ ಬೆಂಕಿ ಅವರಿಗೆ ಬೆನ್ನು ತೋರಿಸಿತ್ತು. ಅದಕ್ಕೇ ಅಷ್ಟು ಹತ್ತಿರ ಹೋಗಿದ್ದರು. ಹೋಗಬಹುದು ಎಂದು ಅವರಿಗೆ ಧೈರ್ಯ ಕೊಟ್ಟದ್ದು ದಿನಾ ಬೆಳಿಗ್ಗೆ ಅವಳು ಬರೆಯುತ್ತಿದ್ದ ಎರಡು ಪದಗಳು.

ಮಧ್ಯಾಹ್ನ ಕೇಂದ್ರದ ಸಹಾಯಕ ನಿಕನೋರ್ ಗಾಳಿ ಅಳೆಯುವ ಬೆಲೂನು ಬಿಟ್ಟ. ಅವಳು ಒಳಗೆ ಕುಳಿತು ಪರದೆಯ ಮೇಲೆ ಅದರ ಏರಿಕೆಯನ್ನು ನೋಡುತ್ತಿದ್ದಳು. ವಾರಗಟ್ಟಲೆಯಿಂದ ಬೆಲೂನು ಸೋಮಾರಿಯಾಗಿ ನೆತ್ತಿಯ ಮೇಲೇ ಸುತ್ತಾಡಿ, ಮೆಲ್ಲಗೆ ಪಶ್ಚಿಮಕ್ಕೆ ಜಾರಿ ಒಡೆಯುತ್ತಿತ್ತು. ಇವತ್ತೂ ಮೊದಲಿಗೆ ಹಾಗೆಯೇ ಜಾರಿತು. ಆಮೇಲೆ ಮೂರು ಕಿಲೋಮೀಟರ್ ದಾಟುತ್ತಿದ್ದಂತೆ ಯಾರೋ ಕೈಹಿಡಿದು ಎಳೆದಂತೆ ಪೂರ್ವಕ್ಕೆ ತಿರುಗಿತು. ಇನ್ನೂ ಮೇಲೆ ಹೋದಂತೆ ಓಟವೇ ಓಟ.

ಬೆವರು ಒರೆಸಿಕೊಂಡು ಒಳಗೆ ಬಂದ ನಿಕನೋರ್ ಪರದೆ ನೋಡಿ, ಯಂತ್ರ ಕೆಟ್ಟಿರಬೇಕು ಅಂದ. ತಾಯಿಸ್ಯಾ ಅಂಕಿಗಳನ್ನು ತಾಳೆ ನೋಡಿದಳು. ಯಂತ್ರ ಸರಿಯಾಗಿತ್ತು. ಗಾಳಿಯ ನದಿ ತನ್ನ ಹಳೆಯ ಪಾತ್ರಕ್ಕೆ ಮರಳಿತ್ತು. ಊರೆಲ್ಲ ಬೇಡಿಕೊಳ್ಳುತ್ತಿದ್ದುದು ಇದನ್ನೇ. ಆದರೆ ಹೀಗೆ ಬರುವಾಗ ಮೊದಲು ಬರುವುದು ಮಳೆಯಲ್ಲ, ಒಣ ಬಿರುಗಾಳಿ. ಪಶ್ಚಿಮದಿಂದ. ಮಳೆ ಅದರ ಹಿಂದೆ ಗಂಟೆಗಳಷ್ಟು ತಡವಾಗಿ ಬರುತ್ತದೆ.

ಅವಳು ಪ್ರಾಂತ್ಯದ ಕಚೇರಿಗೆ ಫೋನ್ ಮಾಡಿದಳು. ಗ್ಲೆಬ್ ಆರ್ಸೆನ್ಯೆವಿಚ್ ಫೋನೆತ್ತಿದ. ಬಿರುಗಾಳಿಯ ಎಚ್ಚರಿಕೆಗೆ ಅವನ ಒಪ್ಪಿಗೆ ಬೇಕಿತ್ತು. ಅವನು ಕೂಗಾಡಲಿಲ್ಲ, ದಣಿದ ದನಿಯಲ್ಲಿ ಅವಳಿಗೇ ಅವಳ ಮಾತು ನೆನಪಿಸಿದ: ಬೆಳಿಗ್ಗೆ ತಾನೇ ಬದಲಾವಣೆ ಇಲ್ಲ ಅಂದಿರಲ್ಲ. ಮೂರನೆಯ ಸಲ ನಗೆಪಾಟಲಾದರೆ ಇಬ್ಬರ ಕೆಲಸಕ್ಕೂ ಸಂಚಕಾರ. ಒಂದು ಬೆಲೂನು ನೋಡಿ ಪ್ರಾಂತ್ಯವನ್ನೇ ಎಬ್ಬಿಸುವುದಕ್ಕಾಗುವುದಿಲ್ಲ, ಮುಂದಿನದು ಏರಲಿ.

"ಮುಂದಿನ ಬೆಲೂನು ಏರೋ ಹೊತ್ತಿಗೆ ಆ ಪಟ್ಟೆಯಲ್ಲಿ ಯಾರೂ ಬದುಕಿರಲ್ಲ, ಗ್ಲೆಬ್ ಆರ್ಸೆನ್ಯೆವಿಚ್."

"ನಿಮ್ಮ ಗಂಡ ಅಲ್ಲಿದ್ದಾರೆ ಅಂತ ನಂಗೆ ಗೊತ್ತು. ಅದಕ್ಕೇ ಹೇಳ್ತಿರೋದು, ಈಗ ನೋಡ್ತಿರೋದು ನಿಮ್ಮ ಕಣ್ಣಲ್ಲ, ನಿಮ್ಮ ಭಯ."

ಅವಳು ಫೋನ್ ಇಟ್ಟಳು. ಆ ಮಾತು ಚುಚ್ಚಿತು. ನಿಜವಿರಬಹುದೇ ಎಂದು ಇನ್ನೊಮ್ಮೆ ಪರದೆ ನೋಡಿದಳು. ಬೆಲೂನು ಆಗಲೇ ಪಟ್ಟಣದಿಂದ ಬಹಳ ದೂರ, ಪೂರ್ವಕ್ಕೆ. ಒಪ್ಪಿಗೆಯಿಲ್ಲದೆ ಎಚ್ಚರಿಕೆ ಹೊರಡಿಸುವಂತಿಲ್ಲ, ಆದರೆ ಹೆಂಡತಿ ಗಂಡನಿಗೆ ಫೋನ್ ಮಾಡುವುದಕ್ಕೆ ಯಾರ ಒಪ್ಪಿಗೆಯೂ ಬೇಡ.

ರೊದಿಯೊನ್ ಒಳ್ಳೆಯ ಮನಸ್ಥಿತಿಯಲ್ಲಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಕ್ಕ. ಹಿಂದಿನ ಸಲ ಅವಳ ಮಾತು ಕೇಳಿ ಪಂಪನ್ನು ಮರದ ಬೊಡ್ಡೆಗಳ ನಡುವೆ ಎಳೆದುಕೊಂಡು ಓಡಿದ್ದರು. ಗಾಳಿ ಬರಲಿಲ್ಲ, ಅಷ್ಟರಲ್ಲಿ ನೆಲದಡಿಯ ಬೆಂಕಿ ಪಟ್ಟೆಯ ಒಂದು ತುದಿಯನ್ನು ನುಂಗಿತ್ತು.

"ನಿನ್ನ ಹೆಸರು ಹೇಳಿದ್ರೆ ಇವರು ನನ್ನನ್ನೇ ಬೆಂಕಿಗೆ ಹಾಕ್ತಾರೆ ಕಣೆ. ಇಲ್ಲಿ ಎಲೆ ಅಲ್ಲಾಡ್ತಿಲ್ಲ."

"ಕೆಳಗೆ ಅಲ್ಲಾಡಲ್ಲ ರೋದ್ಯಾ. ಹೊಗೆಯ ತಲೆ ನೋಡು. ಯಾವ ಕಡೆಗೆ ವಾಲಿದೆ?"

ತಲೆಯ ಮೇಲೆ ಏನೂ ಕಾಣುವುದಿಲ್ಲ, ಬರೀ ಮಬ್ಬು ಅಂದ. ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಮೇಲಿನ ಗಾಳಿ ಹೊಗೆಯ ತಲೆಯನ್ನು ಅವರ ಕಡೆಗೆ ತಿರುಗಿಸಿದ್ದರೆ ಅದು ಹೊತ್ತದ್ದು ಎಲ್ಲಾದರೂ ಉದುರಲೇಬೇಕು.

"ನಿಮ್ಮ ಮೇಲೆ ಬೂದಿ ಬೀಳ್ತಿದೆಯಾ?"

"ಬೀಳದೆ ಏನು? ಊಟ ಆದಾಗಿಂದ ಬೀಳ್ತಿದೆ. ಪಂಪು ನಡೆಸೋ ಸೆವಾ ತನ್ನ ಚಹಾ ಲೋಟಕ್ಕೆ ಟೋಪಿ ಮುಚ್ಚಿಕೊಂಡು ಕೂತಿದ್ದಾನೆ."

"ನಿನ್ನೆ ಬಿದ್ದಿತ್ತಾ?"

ದೂರದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು.

"ಮೊನ್ನೆ? ಇಷ್ಟು ದಿನದಲ್ಲಿ ಒಂದು ಸಲನಾದ್ರೂ?"

"ಇಲ್ಲ," ಅಂದ ರೊದಿಯೊನ್. ನಗು ಹೋಗಿತ್ತು.

"ಬೆಳಿಗ್ಗೆ ಕಂಪ್ಯೂಟರ್ ಹೇಳಿತ್ತು. ನಾನೇ ಅಳಿಸಿದೆ. ಪಂಪು ಅಲ್ಲೇ ಬಿಡು. ಹಳ್ಳಿ ಕಡೆ ಓಡಬೇಡಿ, ಬೆಂಕಿನೂ ಅದೇ ದಾರೀಲಿ ಬರುತ್ತೆ. ಅಡ್ಡಕ್ಕೆ ಹೋಗಿ, ದಕ್ಷಿಣಕ್ಕೆ, ಮರಳು ತೆಗೆದ ಗುಂಡಿಗೆ."

ಪಂಪು ಬಿಟ್ಟು ಬರಲು ಸೆವಾ ಒಪ್ಪುವುದಿಲ್ಲ ಎಂದು ಅವನು ಏನೋ ಶುರುಮಾಡಿದ, ಅರ್ಧಕ್ಕೇ ಫೋನ್ ಇಟ್ಟ.

ಆಮೇಲೆ ಅವಳು ವೆರೆಸ್ಕೊವೊದ ಅಂಗಡಿಯ ಅನ್ಫೀಸಾಗೆ ಫೋನ್ ಮಾಡಿ, ಅಂಗಡಿ ಮುಂದೆ ಅಪಾಯದ ಗಂಟೆಯಾಗಿ ತೂಗುಹಾಕಿದ್ದ ರೈಲು ಕಂಬಿಯನ್ನು ಬಡಿದು ಊರವರನ್ನು ಹೊಳೆಯಾಚೆ ದಾಟಿಸಲು ಹೇಳಿದಳು. ಅನ್ಫೀಸಾಗೆ ಇವಳ ಮೇಲೆ ಹಳೆಯ ಸಿಟ್ಟಿತ್ತು.

"ಹೋದ ಸಲ ಮಳೆ ಅಂದೆ, ಒಣಹಾಕಿದ ಬಟ್ಟೆ ಎತ್ತಿಕೊಂಡೆ. ಈ ಸಲ ಏನನ್ನ ಎತ್ತಿಕೊಳ್ಳಲಿ?"

"ಮಕ್ಕಳನ್ನ."

ಫೋನಿನಲ್ಲೇ ಕಂಬಿಯ ಮೊದಲ ಬಡಿತ ಕೇಳಿಸಿತು.

ಇನ್ನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹೊರಗೆ ಬರ್ಚ್ ಮರದ ಎಲೆಗಳು ಅಲುಗದೆ ಜೋತುಬಿದ್ದಿದ್ದವು. ಗಾಳಿ ಬರದಿದ್ದರೆ ತನ್ನ ಕಥೆ ಮುಗಿಯಿತು ಅಂದುಕೊಂಡಳು. ಬರದಿರಲಿ ಎಂದೂ ಅಂದುಕೊಂಡಳು.

ಬಂತು. ಮೊದಲು ಎಲೆಗಳೆಲ್ಲ ಒಟ್ಟಿಗೆ ಬೆಳ್ಳಗೆ ಮಗುಚಿದವು. ಆಮೇಲೆ ಬಾಗಿಲುಗಳು ಬಡಿದವು, ಧೂಳೆದ್ದಿತು. ಅದರೊಳಗೆ ತಂಪಿತ್ತು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು, ಒದ್ದೆ ಬಟ್ಟೆಗಳನ್ನು ಕಿತ್ತೆಸೆದರು. ಹೆಂಗಸರು ತೋಳು ಚಾಚಿ ಗಾಳಿಗೆ ನಿಂತರು. ಒಬ್ಬ ಮುದುಕ ಅಂಗಿ ಬಿಚ್ಚಿ ರಸ್ತೆ ಮಧ್ಯೆ ಕುಣಿದ. ಪಕ್ಕದ ಮನೆಯವಳು ಜಗ್ಗಿನಲ್ಲಿ ಕ್ವಾಸ್ ಎಂಬ ಹುಳಿ ಪಾನೀಯ ತಂದು, ಕೊನೆಗೂ ನಿನ್ನ ಗಾಳಿ ಬಂತಲ್ಲ ತಾಸ್ಯಾ, ಕುಡಿ ಅಂದಳು. ತಾಯಿಸ್ಯಾ ಲೋಟ ಹಿಡಿದು ನಿಂತಳು. ಪಶ್ಚಿಮದ ಆಕಾಶ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅತ್ತ ಯಾರೂ ನೋಡಲಿಲ್ಲ.

ಗಂಡನ ಫೋನ್ ಸಿಗುತ್ತಿರಲಿಲ್ಲ. ಮತ್ತೆ ಮಾಡಿದಳು. ಸಿಗಲಿಲ್ಲ. ನಿಕನೋರ್ ಅವಳ ಕೈಯಿಂದ ಲೋಟ ತೆಗೆದಿಟ್ಟಾಗ ತಾನದನ್ನು ಇನ್ನೂ ಹಿಡಿದಿದ್ದೆ ಎಂದು ತಿಳಿಯಿತು.

ಕೊನೆಗೆ ರೊದಿಯೊನನೇ ಫೋನ್ ಮಾಡಿದ. ದನಿಗಿಂತ ಬೆಂಕಿಯ ಸದ್ದೇ ಹೆಚ್ಚು, ರೈಲು ಹತ್ತಿರದಲ್ಲೇ ಹಾದುಹೋದಂತೆ.

"ಮರಳಲ್ಲಿದ್ದೀವಿ. ಎಲ್ಲರೂ. ಸೆವಾ ಪಂಪಿಗೆ ಅಂತ ಹಿಂದೆ ಓಡಿದ್ದ, ಕುತ್ತಿಗೆಪಟ್ಟಿ ಹಿಡಿದು ಎಳೆದು ತಂದೆ. ಕೈ ಸುಟ್ಟಿದೆ ಅವನದು." ಉಸಿರು ಎಳೆದುಕೊಂಡ. "ಬೆಂಕಿ ಪಟ್ಟೆ ದಾಟಿಬಿಡ್ತು ತಾಸ್ಯಾ, ಒಂದೇ ನೆಗೆತ. ಹಳ್ಳಿ ಕಡೆ ಹೋಗ್ತಿದೆ."

"ಊರವರು ಹೊಳೆ ದಾಟಿದ್ದಾರೆ, ಅನ್ಫೀಸಾ ಫೋನ್ ಮಾಡಿದ್ದಳು. ಮನೆಗಳ ವಿಷಯ ಗೊತ್ತಿಲ್ಲ."

"ಇವರು ಹೋಗಿ ನೋಡೋಣ ಅಂತಿದ್ದಾರೆ. ಮಳೆ ಯಾವಾಗ? ಬರುತ್ತೆ ಅಂದ್ಯಲ್ಲ."

ಮಳೆ ಶುರುವಾಗುವ ಗಂಟೆಯನ್ನೂ ಕಂಪ್ಯೂಟರ್ ತೋರಿಸುತ್ತಿತ್ತು. ಅದನ್ನು ಹೇಳಹೊರಟವಳು ಪರದೆಯಿಂದ ಕಣ್ಣು ತೆಗೆದಳು.

"ಮಳೆ ಬರುತ್ತೆ. ಆದ್ರೆ ನನ್ನ ಮಾತು ಕೇಳಿ ಯಾರೂ ಏಳಬೇಡಿ. ಮೈ ನೆನೆದ ಮೇಲೆ ಏಳಿ."

ಅವನು ಅದನ್ನು ತಿರುಗಿ ಉಳಿದವರಿಗೆ ಕೂಗಿ ಹೇಳಿದ. ಯಾರೋ ಏನೋ ಅಂದರು. ಈ ಸಲ ಯಾರೂ ನಗಲಿಲ್ಲ. ಫೋನ್ ಇಡಬೇಡ ಅಂದಳು. ಅವನು ಇಡಲಿಲ್ಲ. ಇಬ್ಬರೂ ಬೆಂಕಿಯ ಆ ಸದ್ದನ್ನು ಕೇಳುತ್ತಾ ಮಳೆಗೆ ಕಾದರು.